ಮುಖಕ್ಕೊಂದು ಪಾಯಿಂಟು

ಯಾರ ಮನೆಗೆ ಹೋದರೂ ಹೊಸ್ತಿಲು ದಾಟಿದ ಕೂಡಲೇ ತಲೆಯೆತ್ತಿ ಮೇಲೆ ನೋಡುವುದು ನನಗೆ ಅಂಟಿಕೊಂಡ ಚಾಳಿ. ಮನೆಯವರು "ಬರ್ರಿ, ಕುಂದರ್ರಿ" ಅನ್ನುವಷ್ಟರಲ್ಲಿ ನನ್ನ ಕಣ್ಣು ಜಂತಿಯ ಸಾಲಿಗೆ ಹೋಗಿರುತ್ತದೆ. ಬಲ್ಬು ಎಲ್ಲಿ ತೂಗುತ್ತಿದೆ, ವಾಯರು ಯಾವ ಮೂಲೆಯಿಂದ ಇಳಿದಿದೆ, ಸ್ವಿಚ್ಚಿನ ಸುತ್ತ ಗೋಡೆಗೆ ಎಷ್ಟು ಬೆರಳುಗಳ ಮಸಿ ಹತ್ತಿದೆ, ಇವನ್ನೆಲ್ಲ ನೋಡಿ ಮುಗಿಸಿದ ಮೇಲೆಯೇ ಮನೆಯವರ ಮುಖ ನೋಡುತ್ತೇನೆ. ಜೇಡರ ಬಲೆ ಕಂಡಿತೇನೋ ಎಂದು ಕೆಲವು ಹೆಣ್ಣುಮಕ್ಕಳು ನಾಚಿಕೊಳ್ಳುತ್ತಾರೆ. ಯಲಬುರ್ಗಾದ ಒಬ್ಬ ಅಜ್ಜಿಯಂತೂ, "ಏನಬೇ ಯವ್ವಾ, ಮ್ಯಾಲೆ ಹಾವು ಏನರ ಐತೇನು?" ಎಂದು ಗಾಬರಿಯಾಗಿ ಮಂಚದಿಂದ ಇಳಿದೇಬಿಟ್ಟಿದ್ದಳು.

ಹಾವಿಲ್ಲ, ಏನಿಲ್ಲ. ನಾನು ಸರಕಾರಿ ನರ್ಸಾಗಿದ್ದವಳು. ನೌಕರಿಯ ಬಹುಪಾಲು ನವಲಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಕಳೆಯಿತು. ಆಗ ಹೆರಿಗೆಗಳು ಹೆಚ್ಚಾಗಿ ಮನೆಗಳಲ್ಲೇ ಆಗುತ್ತಿದ್ದವು. ಹೆರಿಗೆ ಮಾಡಿಸುವವಳಿಗೆ ಬಿಸಿನೀರಿಗಿಂತ ಮೊದಲು ಬೇಕಾದದ್ದು ಬೆಳಕು. ಆ ಮನೆಗಳಲ್ಲೋ, ಬಲ್ಬು ಇರುತ್ತಿದ್ದುದು ಗಂಡಸರು ಕೂಡುವ ಪಡಸಾಲೆಯಲ್ಲಿ, ನೋವು ತಿನ್ನುವ ಹೆಂಗಸು ಇರುತ್ತಿದ್ದುದು ಒಳಗಿನ ಕತ್ತಲೆ ಕೋಣೆಯಲ್ಲಿ. ಹೋದವಳೇ ಮೇಲೆ ನೋಡಿ, "ಆ ಬಲ್ಬು ಬಿಚ್ಚಿ ಒಳಗ ತರ್ರಿ" ಎಂದು ಮನೆಯ ಯಜಮಾನರನ್ನು ಓಡಾಡಿಸುತ್ತಿದ್ದೆ. ಹಾಗೆ ಹುಟ್ಟಿದ ಮಕ್ಕಳು ಈಗ ಮೀಸೆ ಹೊತ್ತು ಭತ್ತದ ಗದ್ದೆಗಳಲ್ಲಿ ಓಡಾಡುತ್ತಿದ್ದಾರೆ. ಎದುರು ಸಿಕ್ಕರೆ ನನಗೆ ಅವರ ಹೆಸರು ಹೊಳೆಯುವುದಿಲ್ಲ, ಬಲ್ಬು ಹೊಳೆಯುತ್ತದೆ. "ನೀ ಅಡಗಿ ಮನಿ ಬಲ್ಬಿನಾಗ ಹುಟ್ಟಿದಾಂವ ಅಲ್ಲೇನೋ" ಎಂದರೆ ಪಾಪ, ಏನು ಹೇಳಬೇಕೆಂದು ತಿಳಿಯದೆ ಹೆಂಡತಿಯ ಮುಖ ನೋಡಿ ನಗುತ್ತಾರೆ.

ಈ ಚಾಳಿಯ ಬೇರು ಇನ್ನೂ ಹಿಂದಕ್ಕೆ, ಮಂಗಳೂರಿಗೆ ಹೋಗುತ್ತದೆ. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಆ ಊರಿನ ಹೆಸರು ಹೇಳಿದಾಗಲೆಲ್ಲ ನೌಕರಿಯಲ್ಲಿ ಜೊತೆಗಿದ್ದವರು "ಹಂಗಾರ ಮೀನು ತಿಂತೀರೇನು?" ಎಂದು ಕೇಳುತ್ತಿದ್ದರು. ನಮ್ಮ ಮಂಗಳೂರಿನಲ್ಲಿ ಮಣ್ಣಿನ ಮಾಳಿಗೆಯ ಮನೆ ನಮ್ಮದು. ಮನೆಗೆ ಮೊದಲ ಸಲ ಕರೆಂಟು ಬಂದಾಗ ಒಂದೇ ಬಲ್ಬು. ಅದನ್ನು ಪಡಸಾಲೆಯಲ್ಲಿ ಹಾಕಬೇಕೋ ಅಡುಗೆ ಮನೆಯಲ್ಲಿ ಹಾಕಬೇಕೋ ಎಂದು ಅಪ್ಪನಿಗೂ ಅವ್ವನಿಗೂ ಮಾತು ಬೆಳೆಯಿತು. ಕೊನೆಗೆ ಅಪ್ಪ ಎರಡೂ ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಕೊರೆದು, ಬಲ್ಬನ್ನು ಆ ಕಿಂಡಿಯೊಳಗೇ ತೂಗಿಬಿಟ್ಟ. ಅರ್ಧ ಬೆಳಕು ಒಲೆಯ ಕಡೆ, ಅರ್ಧ ಬೆಳಕು ಪಡಸಾಲೆಯ ಕಡೆ. ಕಿಂಡಿಯ ಒಂದು ಪಕ್ಕಕ್ಕೆ ಕೂತವರಿಗೆ ಒಂದು ಕೆನ್ನೆ ಮಾತ್ರ ಬೆಳಗುತ್ತಿತ್ತು. ನಮ್ಮ ಮನೆಯವರು ನನ್ನ ನೆನಪಿನಲ್ಲಿ ಇವತ್ತಿಗೂ ಹಾಗೆಯೇ ಇದ್ದಾರೆ, ಅರ್ಧರ್ಧ ಮುಖದವರಾಗಿ, ಇನ್ನರ್ಧ ಎಲ್ಲೋ ಬೇರೆ ಊರಿನಲ್ಲಿ ಇಟ್ಟುಬಂದವರ ಹಾಗೆ.

ಆ ಕಿಂಡಿಯ ಕೆಳಗೆ ಕೂತು ನನ್ನ ತಮ್ಮ ವೀರಣ್ಣ ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಮಾಡುತ್ತಿದ್ದ. ದಂಟಿನ ಸಿಪ್ಪೆ ಸುಲಿದರೆ ಒಳಗೆ ಹತ್ತಿಯಷ್ಟು ಹಗುರವಾದ ಬಿಳಿಯ ತಿರುಳು ಇರುತ್ತದಲ್ಲ, ಅದನ್ನು ಕತ್ತರಿಸಿ, ಸುಲಿದ ಸಿಪ್ಪೆಯ ಸೀಳುಗಳನ್ನೇ ಮೊಳೆಯಾಗಿ ಚುಚ್ಚಿ, ಗಾಲಿ, ನೊಗ, ಎತ್ತು ಎಲ್ಲ ಮಾಡುತ್ತಿದ್ದ. ಗಾಲಿ ಮಾತ್ರ ಅವನಿಗೆ ಎಂದೂ ಸಮಾಧಾನವಾಗುವಷ್ಟು ದುಂಡಗೆ ಬರುತ್ತಿರಲಿಲ್ಲ. ಮಾಡಿ ಮಾಡಿ ಮುರಿಯುತ್ತಿದ್ದ. ಮಧ್ಯಾಹ್ನ ಮಾಳಿಗೆಯ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡೇ, ಹೊಲದ ದಾರಿಯಲ್ಲಿ ಬರುವುದು ಯಾರ ಬಂಡಿ ಎಂದು ಎತ್ತಿನ ಗೆಜ್ಜೆಯ ಸಪ್ಪಳದಿಂದಲೇ ಹೇಳುತ್ತಿದ್ದ. ನಾನು ಎದ್ದು ನೋಡಿ ಖಾತ್ರಿ ಮಾಡಿಕೊಳ್ಳುವುದು, ಅವನು ತಪ್ಪುವುದಿಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಅಂಥ ಕಿವಿ ಅದು.

ಮುಂದೆ ವೀರಣ್ಣ ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅಲ್ಲೇ ಮದುವೆ, ಅಲ್ಲೇ ಸಂಸಾರ. ಹೆಂಡತಿ ನೀಲವ್ವ ಮಾತುಗಾತಿ, ನಗೆಗಾತಿ. ಒಮ್ಮೆ ಅವನನ್ನು ನೋಡಲು ಗಿರಣಿಯೊಳಗೆ ಹೋಗಿದ್ದೆ. ಯಂತ್ರಗಳ ಸದ್ದು ಕಿವಿಯಿಂದಲ್ಲ, ಎದೆಗೂಡಿನಿಂದ ಒಳಹೊಕ್ಕಿತು. ತೌಡಿನ ಧೂಳು ಬಿಸಿಲಕೋಲಿನಲ್ಲಿ ಬಂಗಾರದ ಹಾಗೆ ತೇಲುತ್ತಿತ್ತು. ಅದರೊಳಗೆ ನನ್ನ ತಮ್ಮ ಬಾಯಿ ತೆರೆದು ಏನೋ ಹೇಳುತ್ತ ನಗುತ್ತ ಬಂದ. ನನಗೆ ಒಂದಕ್ಷರ ಕೇಳಿಸಲಿಲ್ಲ. ಕನಸಿನಲ್ಲಿ ಬಂದವರು ಮಾತಾಡಿದ ಹಾಗಿತ್ತು.

ಆ ಸದ್ದಿನಲ್ಲಿ ಅವನ ಕಿವಿ ಯಾವಾಗ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಗಡಿಗೆಯ ನೀರು ಇಂಗುವ ಹಾಗೆ ಹೋಯಿತು. ನಮಗೆ ಕಂಡದ್ದು ಇಷ್ಟೇ: ವೀರಣ್ಣ ಎಲ್ಲದಕ್ಕೂ "ಹೂಂ" ಅನ್ನುತ್ತಾನೆ. ಊಟ ಆತೇನು? ಹೂಂ. ಮಳಿ ಬರ್ತೈತೇನು? ಹೂಂ. ಯಾವಾಗ ಬಂದಿ? ಅದಕ್ಕೂ ಹೂಂ. ಬೀಗರು "ವೀರಣ್ಣಗ ಸೊಕ್ಕು ಬಂದೈತಿ" ಅಂದರು. ಮಗಳ ಮದುವೆ ಮಾಡಿ ಕುಷ್ಟಗಿಗೆ ಕಳಿಸಿದ ಮೇಲೆ ಗಿರಣಿ ಬಿಟ್ಟು ಗಂಡಹೆಂಡತಿ ಕೊಪ್ಪಳಕ್ಕೆ ಅಂಟಿಕೊಂಡ ನೇಕಾರರ ಊರು ಭಾಗ್ಯನಗರಕ್ಕೆ, ನನ್ನ ಮನೆಗೆ ಬಂದು ನಿಂತರು. ನನ್ನ ಗಂಡ ತೀರಿಕೊಂಡು ನಾನೂ ಒಬ್ಬಳೇ ಇದ್ದೆ, ಮನೆ ತುಂಬಿತೆಂದು ಸಂತೋಷಪಟ್ಟೆ. ಆದರೆ ಬಂದ ನೀಲವ್ವ ನಾನು ಬಲ್ಲ ನೀಲವ್ವ ಆಗಿರಲಿಲ್ಲ. ಗಂಡನ ಮುಂದೆ ತಟ್ಟೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಸುಮ್ಮನೆ ಹೋಗುತ್ತಿದ್ದಳು. ಮಾತು ಎಲ್ಲಿ ಕಳೆದುಕೊಂಡಳೋ.

ಒಂದು ದಿನ ವೀರಣ್ಣ ಊಟಕ್ಕೆ ಕೂತಿದ್ದಾಗ ಅವನ ಬೆನ್ನ ಹಿಂದೆ ನನ್ನ ಕೈಯಿಂದ ಹಿಟ್ಟು ನಾದುವ ಸ್ಟೀಲಿನ ಪರಾತ ಜಾರಿ ಫರಸಿಕಲ್ಲಿನ ನೆಲದ ಮೇಲೆ ಬಿತ್ತು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ "ಏನಾತು?" ಎಂದು ಕೂಗಿದರು. ವೀರಣ್ಣ ರೊಟ್ಟಿ ಮುರಿಯುತ್ತಲೇ ಇದ್ದ. ನಾನು ನೀಲವ್ವನನ್ನು ನೋಡಿದೆ, ನೀಲವ್ವ ನನ್ನನ್ನು ನೋಡಿದಳು. ಇಬ್ಬರೂ ಬಗ್ಗಿ ಪರಾತ ಎತ್ತಿಟ್ಟೆವು. ಅವನು ಬಚ್ಚಿಟ್ಟುಕೊಂಡದ್ದನ್ನು ನಾವು ಬಿಚ್ಚುವುದು ಹೇಗೆ? ಒಂದೆರಡು ಸಲ ದವಾಖಾನೆಯ ಮಾತು ತೆಗೆದೆ. ಅವನು "ಹೂಂ" ಅಂದ.

ಹೀಗಿರುವಾಗ ಒಂದು ಬೆಳಿಗ್ಗೆ ಅವನೇ ಬಂದು, ಬೇವಿನ ಮರದ ಕೆಳಗೆ ನಿಂತು, "ಅಕ್ಕ, ಹಿತ್ತಲದಾಗ ಒಂದು ಪತ್ರಾಸ್ ಶೆಡ್ ಹಾಕ್ಲೇನು? ಕಟಗಿ ಕಡೆಯೂ ಲೇತ್ ಇಡಬೇಕು ಅಂತ ಮಾಡೀನಿ. ಲಟ್ಟಣಗಿ, ಕಡಗೋಲು, ತೊಟ್ಟಲದ ಕಾಲು, ಎಲ್ಲಾ ದುಂಡಗ ಮಾಡಬಹುದು" ಎಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತೋ! ಕಣ್ಣಲ್ಲಿ ಆ ಬೆಂಡಿನ ಗಾಲಿಯ ಹುಡುಗ ಇಣುಕಿದ. "ಹಾಕು" ಎಂದು ಜೋರಾಗಿ ತಲೆಯಾಡಿಸಿದೆ.

ಕಬ್ಬಿಣದ ಕಂಬ ನೆಟ್ಟು, ಮೇಲೆ ತಗಡು ಹೊದಿಸಿ, ಸುತ್ತ ಸೊಂಟದೆತ್ತರಕ್ಕೆ ಇಟ್ಟಂಗಿ ಗೋಡೆ ಕಟ್ಟಿ, ಅದರ ಮೇಲೂ ತಗಡು ಹೊಡೆದರು. ಕೆಲಸದವರು ಹೋದ ಮೇಲೆ ನಾವು ಮೂವರೂ ಒಳಗೆ ಹೋಗಿ ನಿಂತೆವು. ಒಳಗೆ ಇನ್ನೂ ಏನೂ ಇರಲಿಲ್ಲ, ನೆಲವೂ ಇರಲಿಲ್ಲ, ಬರೀ ಕೆಂಪು ಮಣ್ಣು. ಹಳೆಯ ತಗಡುಗಳಾದ್ದರಿಂದ ಹಿಂದಿನ ಮೊಳೆಗಳ ತೂತುಗಳು ಹಾಗೇ ಇದ್ದವು. ಒಂದೊಂದು ತೂತಿನಿಂದ ಒಂದೊಂದು ಬಿಸಿಲಿನ ಬಿಲ್ಲೆ ಮಣ್ಣಿನ ಮೇಲೆ ಬಿದ್ದಿತ್ತು. ನೀಲವ್ವನ ಸೀರೆಯ ಮೇಲೆ ಕೆಲವು, ವೀರಣ್ಣನ ತಲೆಯ ಮೇಲೆ ಒಂದು. ಹೊರಗೆ ಬೇವಿನ ಟೊಂಗೆ ಅಲ್ಲಾಡಿದರೆ ಕೆಲವು ಬಿಲ್ಲೆಗಳು ಆರಿ ಮತ್ತೆ ಹತ್ತುತ್ತಿದ್ದವು. ಖಾಲಿ ಜಾಗಕ್ಕೆ ಒಂದು ಗುಣವಿದೆ ನೋಡಿ. ಅಲ್ಲಿ ನಿಂತವರೆಲ್ಲ ತಮಗೆ ಬೇಕಾದದ್ದನ್ನು ಕಾಣತೊಡಗುತ್ತಾರೆ. ವೀರಣ್ಣ ಸುಣ್ಣದ ಕಡ್ಡಿ ತಂದು ನೆಲದ ಮೇಲೆ ಲೇತಿನ ಜಾಗ ಗೀಚಿದ, ಕಟ್ಟಿಗೆ ಪೇರಿಸುವ ಜಾಗ ಗೀಚಿದ, ಉಳಿಗಳನ್ನು ತೂಗಿಹಾಕಲು ಗೋಡೆಗೆ ಹಲಗೆ ಬಡಿಯುವ ಜಾಗ ಗೀಚಿದ. ನಾನು ಫ್ಯಾನು ಎಲ್ಲಿರಬೇಕೆಂದು ತೋರಿಸಿದೆ. ನಮ್ಮ ಕೊಪ್ಪಳದ ಬಿಸಿಲಿನಲ್ಲಿ ತಗಡಿನ ಕೆಳಗೆ ಫ್ಯಾನಿಲ್ಲದೆ ಕೂತರೆ ಮನುಷ್ಯ ಹಪ್ಪಳವಾಗುತ್ತಾನೆ. ನೀಲವ್ವ ನನ್ನ ಕಿವಿಯಲ್ಲಿ, "ಅಕ್ಕಾರ, ಗ್ವಾಡಿಗೆ ನೀಲಿ ಹಾಕಿದ ಸುಣ್ಣ ಬಳಿಸೂಣ್ರಿ. ನಮ್ಮ ತವರ ಮನಿ ಪಡಸಾಲಿ ಹಂಗ" ಅಂದಳು. ಗಂಡನಿಗೆ ಹೇಳು ಎಂದೆ. "ಏನ್ ಹೇಳೂದ್ರಿ. ಹೂಂ ಅಂತಾರ" ಅಂದಳು.

ವಾಯರಿಂಗಿಗೆ ಮೌಲಾಸಾಬ ಬಂದ. ನಮ್ಮ ಓಣಿಯ ಮಗ್ಗಗಳಿಗೆಲ್ಲ ಕರೆಂಟಿನ ಕೆಲಸ ಮಾಡುವವನು, ನಲವತ್ತು ದಾಟಿದ ಗೃಹಸ್ಥ, ಏಣಿ ಹತ್ತಿದರೆ ಬಾಯಿ ಮುಚ್ಚದವನು. ಅವನ ಮಾತೆಲ್ಲ ತಗಡಿನ ಕಡೆಗೆ ಮುಖ ಮಾಡಿ. "ಅಣ್ಣಾರ, ಬೋರ್ಡ್ ಬಾಗಲದ ಹಿಂದ ಬ್ಯಾಡ್ರಿ, ಈ ಕಡೆ ಹಾಕ್ಲ್ಯಾ?" ಅನ್ನುವನು. ಕೆಳಗಿನಿಂದ "ಹೂಂ." "ಇಲ್ಲಾಂದ್ರ ಬಾಗಲದ ಹಿಂದನ ಇರ್ಲ್ಯಾ?" "ಹೂಂ." ಮೌಲಾಸಾಬ ಗೊಂದಲಪಟ್ಟು ನನ್ನನ್ನು ನೋಡುವನು. ನಾನು ನಡುವೆ ನಿಂತು ದುಬಾಷಿಯಾಗಿದ್ದೆ. ನಾನು ಒಳಗೆ ಹೋದ ಹೊತ್ತಿನಲ್ಲಿ ಆದ ತೀರ್ಮಾನಗಳು ಮಾತ್ರ ವಿಚಿತ್ರವಾಗಿರುತ್ತಿದ್ದವು. ಹೀಗೆ ಒಂದು ಮಧ್ಯಾಹ್ನ ಬಂದು ನೋಡಿದರೆ ಬೋರ್ಡು ಬಾಗಿಲ ಹಿಂದೆಯೇ ಕೂತಿತ್ತು. ಬಾಗಿಲು ತೆರೆದರೆ ಸ್ವಿಚ್ಚು ಕಾಣುವುದಿಲ್ಲ, ಸ್ವಿಚ್ಚು ಬೇಕೆಂದರೆ ಬಾಗಿಲು ಮುಚ್ಚಬೇಕು. "ಅಣ್ಣಾರ ಹೂಂ ಅಂದ್ರಲ್ರೀ ಸಿಸ್ಟರ್" ಎಂದ ಮೌಲಾಸಾಬ.

ಇನ್ನೇನು ಕೆಲಸ ಮುಗಿಯುತ್ತ ಬಂದಿತ್ತು. ಅರ್ಥಿಂಗಿಗೆ ಬೇವಿನ ಮರದ ಆಚೆ ತಗ್ಗು ತೋಡಿ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ದಿದ್ದೆವು. ಭೂಮಿಗೂ ಉಪ್ಪು ರುಚಿಸುತ್ತದೆಂದು ನಾನು ಅವತ್ತೇ ತಿಳಿದದ್ದು. ತಗಡಿನ ಕಾವು ತಡೆಯಲು ಒಳಗಿನಿಂದ ಹೊಡೆಯಬೇಕಾಗಿದ್ದ ಸ್ಪಂಜಿನಂಥ ಹಾಳೆಯ ದಪ್ಪ ಸುರುಳಿಗಳು ಬಂದು ಏಣಿಯ ಬುಡದಲ್ಲಿ ಬಿದ್ದಿದ್ದವು. ಮೇನ್ ಸ್ವಿಚ್ಚು ಬಂದ್ ಮಾಡಿ ಮೌಲಾಸಾಬ ಏಣಿ ಹತ್ತಿ ತಂತಿಗಳನ್ನು ಹೆಣೆಯುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ, ನೀಲವ್ವ ಪಕ್ಕದಲ್ಲಿ ಕಡಲೆ ಸುಲಿಯುತ್ತಿದ್ದಳು. ವೀರಣ್ಣ ಮೇನ್ ಸ್ವಿಚ್ಚಿನ ಹತ್ತಿರ. ಮೌಲಾಸಾಬ ತಗಡಿಗೆ ಮುಖ ಮಾಡಿಯೇ, "ಆತು ಬಿಡ್ರಿ ಅಣ್ಣಾರ. ಇನ್ನೂ ಒಂದು ಜಾಯಿಂಟ್ ಉಳದೈತಿ. ಮೇನ್ ಹಾಕಬ್ಯಾಡ್ರಿ ಮತ್ತ" ಅಂದ. ಅಂದವನು ಬೆವರು ಒರೆಸಲು ಒಂದು ಕೈ ಎತ್ತಿದ.

ಆ ಎತ್ತಿದ ಕೈ ವೀರಣ್ಣನಿಗೆ ಏನು ಹೇಳಿತೋ. "ಹೂಂ" ಎಂದವನೇ ಮೇನ್ ಹಾಕಿಬಿಟ್ಟ.

ನಾನು ಕೂಗಿದ್ದು ನನಗೇ ಆಮೇಲೆ ಕೇಳಿಸಿತು. ಮೌಲಾಸಾಬ ಏಣಿಯ ಮೇಲೆ ಒಮ್ಮೆ ಜಗ್ಗಿ, ಯಾರೋ ಎದೆಗೆ ಗುದ್ದಿದ ಹಾಗೆ ಹಿಂದಕ್ಕೆ ಹಾರಿ, ಆ ಸ್ಪಂಜಿನ ಸುರುಳಿಗಳ ಮೇಲೆ ಬಿದ್ದ. ನೀಲವ್ವ ಮೊರ ಬಿಸಾಡಿ ಓಡಿ ಮೇನ್ ತೆಗೆದಳು. ನಾನು ಅವನ ಪಕ್ಕ ಕೂತು ನಾಡಿ ಹಿಡಿದೆ. ನಾಡಿ ಓಡುತ್ತಿತ್ತು. ಕಣ್ಣು ತೆರೆದಿತ್ತು. ಬೆರಳ ತುದಿಗಳು ಕಪ್ಪಗಾಗಿದ್ದವು. "ಉಸಿರು ತಗೋ, ನನ್ನ ನೋಡು, ಹೆಸರೇನು ಹೇಳು" ಎಂದೆ. ಅವನು ಹೆಸರು ಹೇಳಲಿಲ್ಲ. ಮಲಗಿದಲ್ಲಿಂದಲೇ ವೀರಣ್ಣನ ಕಡೆ ಕುತ್ತಿಗೆ ತಿರುಗಿಸಿ ಚೀರಿದ. "ಬ್ಯಾಡ ಅಂದೆನಲ್ರೀ! ಕಿವ್ಯಾಗ ಏನ್ ತುರುಕೊಂಡೀರಿ?"

ಈ ಸಲ ಮುಖ ಎದುರಿಗಿತ್ತು. ಆ ಮಾತು ವೀರಣ್ಣನಿಗೆ ಪೂರ್ತಿ ತಿಳಿಯಿತು. ಅವನು ಮೇನ್ ಸ್ವಿಚ್ಚಿನ ಕೆಳಗೆ ಮಣ್ಣಿನಲ್ಲೇ ಕುಸಿದು ಕೂತ. ಅವನ ಮೈಮೇಲೆ ಆ ಬಿಸಿಲ ಬಿಲ್ಲೆಗಳು ಅತ್ತಿತ್ತ ಆಡುತ್ತಿದ್ದವು.

"ಕೇಳಸಲಿಲ್ಲೋ ಮೌಲಾ" ಎಂದ. "ನನಗ ಕೇಳಸಂಗನ ಇಲ್ಲ. ಭಾಳ ದಿನದಿಂದ ಕೇಳಸಂಗಿಲ್ಲ."

ಪಕ್ಕದ ಮನೆಯ ಮಗ್ಗ ತನ್ನ ಪಾಡಿಗೆ ತಾನು ಟಕಟಕ ಅನ್ನುತ್ತಿತ್ತು. ಮೌಲಾಸಾಬ ಮೆಲ್ಲಗೆ ಎದ್ದು ಕೂತ. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಇಳಿದಿತ್ತು. "ಅದನ್ನ ಮೊದಲ ಹೇಳಬೇಕಲ್ರೀ ಅಣ್ಣಾರ" ಅಂದ.

ಅವನನ್ನು ಆಟೋದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಹೋದೆ. ಎದೆಯ ಬಡಿತ ನೋಡಿದರು, ಭಯವಿಲ್ಲ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಮಾತು ನಿಲ್ಲಿಸದ ಮನುಷ್ಯ ಸುಮ್ಮನೆ ಕೂತರೆ ಆಟೋ ಎಷ್ಟು ಸದ್ದು ಮಾಡುತ್ತದೆಂದು ಗೊತ್ತಾಗುತ್ತದೆ. ಮನೆ ಮುಂದೆ ಇಳಿಯುವಾಗ, "ನಾ ಇನ್ನ ಆ ಶೆಡ್ಡಿಗೆ ಬರಂಗಿಲ್ರಿ ಸಿಸ್ಟರ್" ಅಂದ.

ಆಮೇಲಿನ ಕೆಲವು ದಿನ ಶೆಡ್ಡು ಹಾಗೇ ಬಿದ್ದಿತ್ತು. ತಂತಿಗಳು ಜೋಲಾಡುತ್ತಿದ್ದವು, ಕೋಳಿಗಳು ಹೊಕ್ಕು ವೀರಣ್ಣನ ಸುಣ್ಣದ ಗೆರೆಗಳನ್ನು ಕೆದರಿದವು. ವೀರಣ್ಣ ಬೇವಿನ ಕಟ್ಟೆಯ ಮೇಲೆ ಕೂತು ಬಾಗಿಲನ್ನೇ ನೋಡುವನು. ಈ ಶೆಡ್ಡು ಇಲ್ಲಿಗೇ ನಿಂತರೆ ನನ್ನ ತಮ್ಮನೂ ಆ ಕಟ್ಟೆಯ ಮೇಲೇ ನಿಂತುಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ಆದರೆ ಒಂದು ಬೆಳಿಗ್ಗೆ ಅವನೇ ಮುಖ ತೊಳೆದು, ಬಿಳಿ ಅಂಗಿ ಹಾಕಿಕೊಂಡು, "ಅಕ್ಕ, ಮೌಲಾನ ಮನಿಗೆ ಹೋಗಿ ಬರ್ತೀನಿ" ಎಂದು ಹೊರಟ. ನಾನೂ ಬರಲೇನೆಂದು ಸನ್ನೆ ಮಾಡಿದೆ. ಬೇಡವೆಂದ.

ಅಲ್ಲಿ ಏನು ನಡೆಯಿತೆಂದು ಮೌಲಾಸಾಬನ ಹೆಂಡತಿ ಆಮೇಲೆ ನನಗೆ ಹೇಳಿದಳು. ಹೋದವನೇ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, "ನನ್ನಿಂದ ತಪ್ಪಾತು. ನನಗ ಕಿವಿ ಕೇಳಂಗಿಲ್ಲ. ನಾಚಿಕಿ ಬಂದು ಯಾರಿಗೂ ಹೇಳಿದ್ದಿಲ್ಲ" ಎಂದನಂತೆ. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇಡೀ ಓಣಿಗೆ ಸಾರಿಬಂದಿದ್ದ. ಓಣಿಯ ಹೆಂಗಸರು ಹೊರಗೆ ಬಂದು ನೋಡಿದರಂತೆ. ಮೌಲಾಸಾಬ ಅವನ ಕೈ ಹಿಡಿದು ಒಳಗೆ ಕರೆದೊಯ್ದು ಕೂಡಿಸಿ, ಚಹಾ ಕೊಟ್ಟು, ಅವನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ, "ಬರ್ತೀನಿ. ಆದ್ರ ನಾ ಏಣಿ ಹತ್ತಿದ್ರ ಫ್ಯೂಜು ನನ್ನ ಕಿಸೆದಾಗ" ಎಂದನಂತೆ.

ಮರುದಿನ ಬಂದ ಮೌಲಾಸಾಬ ಬೇರೆಯೇ ಮನುಷ್ಯ. ಏಣಿ ಹತ್ತಲಿಲ್ಲ. ಮಾತಾಡುವಾಗ ವೀರಣ್ಣನ ಎದುರು ಬಂದು ನಿಲ್ಲುತ್ತಿದ್ದ. ಮೊದಲು ಮಾಡಿದ ಲೆಕ್ಕಾಚಾರವೆಲ್ಲ ಕೇಳುವ ಮನುಷ್ಯನಿಗೆ ಮಾಡಿದ್ದು, ಈಗ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು ಎಂದ. ನಾವೆಲ್ಲ ಮತ್ತೆ ಶೆಡ್ಡಿನ ನಡುವೆ ನಿಂತೆವು. ಕೋಳಿ ಕೆದರಿದ ಗೆರೆಗಳನ್ನು ವೀರಣ್ಣ ಕಾಲಿನಿಂದ ಅಳಿಸಿದ.

ಮೊದಲ ಗೆರೆಗಳಲ್ಲಿ ಲೇತು ಗೋಡೆಯ ಕಡೆ ಮುಖ ಮಾಡಿತ್ತು. ಅದನ್ನು ಬಾಗಿಲ ಕಡೆ ತಿರುಗಿಸಿದರು, ಬಂದವರು ಕಾಣಲೆಂದು. ಬಾಗಿಲಿಗೆ ಗಂಟೆ ಬೇಡ, ಗುಂಡಿ ಒತ್ತಿದರೆ ಲೇತಿನ ಮೇಲೆ ಒಂದು ಕೆಂಪು ಬಲ್ಬು ಹತ್ತಲಿ ಎಂದು ಮೌಲಾಸಾಬ ಹೇಳಿದ. ಬಾಗಿಲ ಹಿಂದಿನ ಬೋರ್ಡು ಈಚೆ ಬಂತು. ಹೀಗೆ ಒಂದೊಂದೇ ಪಾಯಿಂಟು ಜಾಗ ಬದಲಿಸುತ್ತಿರುವಾಗ ವೀರಣ್ಣ ಬಾಗಿಲ ಬಳಿ ಹೋಗಿ, ಗಿರಾಕಿಯ ಹಾಗೆ ನಿಂತು, ಹಿಂದೆ ತಿರುಗಿ ನೋಡಿ, ಮತ್ತೆ ಲೇತು ಕೂರಬೇಕಾದ ಜಾಗಕ್ಕೆ ಬಂದು, ಅಲ್ಲಿಂದ ನೀಲವ್ವನನ್ನು ಕರೆದು ಬಾಗಿಲ ಬಳಿ ನಿಲ್ಲಿಸಿದ.

"ನೋಡು ಮೌಲಾ, ಇಕಿ ಹಿಂದ ಬಿಸಿಲೈತಿ. ಮಾರಿ ಕಪ್ಪಗ ಕಾಣ್ತೈತಿ, ತುಟಿ ಕಾಣವಲ್ದು. ತುಟಿ ಕಂಡ್ರ ನನಗ ಅರ್ಧ ತಿಳಿತೈತಿ. ಇಲ್ಲೊಂದು ಪಾಯಿಂಟ್ ಕೊಡು. ನನ್ನ ಕೆಲಸದ ಮ್ಯಾಲೆ ಬ್ಯಾಡ. ಮಾತಾಡೋರ ಮಾರಿ ಮ್ಯಾಲೆ ಬೀಳಬೇಕು."

ನನ್ನ ಜೀವಮಾನದಲ್ಲಿ ಎಷ್ಟೋ ಬಲ್ಬುಗಳನ್ನು ನೋಡಿದ್ದೇನೆ. ಹಿಟ್ಟು ಬೀಸುವ ಕಡೆ, ಎಮ್ಮೆ ಕಟ್ಟುವ ಕಡೆ, ದೇವರ ಮುಂದೆ, ಮಕ್ಕಳು ಓದುವ ಕಡೆ. ಎದುರಿನವರ ಮಾತು ಕಾಣಲೆಂದು ಯಾರಾದರೂ ಬಲ್ಬು ಹಾಕಿಸಿದ್ದನ್ನು ನೋಡಿದ್ದು ಅದೇ ಮೊದಲು. ನೀಲವ್ವ ಬಾಗಿಲಲ್ಲಿ ನಿಂತೇ ಇದ್ದಳು. ಮೌಲಾಸಾಬ ಎತ್ತರ ಗೊತ್ತುಮಾಡಲು ಕೈಯಲ್ಲಿ ಬ್ಯಾಟರಿ ಹಿಡಿದು, ಅವಳ ಮುಖದ ಮೇಲೆ ಬೆಳಕು ಬಿಟ್ಟು, ಮೇಲೆ ಕೆಳಗೆ ಆಡಿಸಿದ. ಅವಳು ನಾಚಿ ತಲೆ ತಗ್ಗಿಸಿದಳು. "ಮ್ಯಾಲೆ ನೋಡವಾ, ಅಳತಿ ತಪ್ಪತೈತಿ" ಎಂದ ಅವನು.

ಬಣ್ಣದ ಮಾತು ಬಂದಾಗ, ಬಿಳಿ ಸುಣ್ಣವಾದರೆ ಬೆಳಕು ಚೆನ್ನಾಗಿ ತಿರುಗಿ ಬರುತ್ತದೆಂದು ಮೌಲಾಸಾಬ ಹೇಳಿದ. ನಾನು ವೀರಣ್ಣನ ಭುಜ ತಟ್ಟಿ, "ಅಕೀಗೆ ನೀಲಿ ಬೇಕಂತ. ತವರ ಮನಿ ಹಂಗ" ಎಂದೆ. ಅವನು ನನ್ನ ತುಟಿ ನೋಡಿ, ಹೆಂಡತಿಯನ್ನು ನೋಡಿ, "ಹೌದೇನು? ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದ. ಅವಳು ನನ್ನ ಕಡೆ ನೋಡಿ ನಕ್ಕಳು. ಲೇತಿನ ಹಿಂದಿನ ಗೋಡೆ ಬಿಳಿ, ಉಳಿದ ಮೂರೂ ನೀಲಿ ಎಂದಾಯಿತು. ನೆಲಕ್ಕೆ ಫರಸಿ ಬಂತು. ತಗಡಿಗೆ ಒಳಗಿನಿಂದ ಸ್ಪಂಜಿನ ಹಾಳೆ ಹೊಡೆದಾಗ ಬಿಸಿಲ ಬಿಲ್ಲೆಗಳೆಲ್ಲ ಒಂದೊಂದಾಗಿ ಆರಿದವು. ಕೊನೆಯದು ಆರುವಾಗ ನನಗೇಕೋ ಕಸಿವಿಸಿಯಾಗಿ, ಅದೊಂದನ್ನು ಬಿಡಬಹುದಿತ್ತಲ್ಲ ಎಂದೆ. "ಮಳಿ ಬಂದ್ರ ಲೇತಿನ ಮ್ಯಾಲೆ ಸೋರ್ತೈತ್ರಿ ಸಿಸ್ಟರ್" ಎಂದು ಮೌಲಾಸಾಬ ನನ್ನನ್ನು ನೆಲಕ್ಕಿಳಿಸಿದ.

ಈ ನಡುವೆ ಕಿವಿಯ ಡಾಕ್ಟರರಿಗೂ ತೋರಿಸಿದೆವು. ಹೋದದ್ದು ಹೋಯಿತು, ಉಳಿದದ್ದಕ್ಕೆ ಯಂತ್ರ ಹಾಕಬಹುದು ಎಂದರು. ಯಂತ್ರ ಬಂದಿದೆ. ಮನೆಯಲ್ಲಿ ಹಾಕಿಕೊಳ್ಳುತ್ತಾನೆ. ಅಡುಗೆ ಮನೆಯ ಪಾತ್ರೆಗಳ ಸದ್ದಿಗೆ ಮುಖ ಕಿವುಚುತ್ತಾನೆ. ಶೆಡ್ಡಿಗೆ ಹೋಗುವಾಗ ತೆಗೆದಿಟ್ಟು ಹೋಗುತ್ತಾನೆ. ಅಲ್ಲಿ ಅವನಿಗೆ ಬೆಳಕೇ ಸಾಕು.

ಶೆಡ್ಡು ನಡೆಯತೊಡಗಿ ಸ್ವಲ್ಪ ದಿನವಾಗಿತ್ತು. ಒಂದು ಮಧ್ಯಾಹ್ನ ಚಹಾ ಮಾಡಿ, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹಿತ್ತಲಿಗೆ ಬಂದೆ. ಲೇತು ನಿಂತಿತ್ತು. ಒಳಗೆ ಹೊಸ ಬೇವಿನ ಕಟ್ಟಿಗೆಯ ಕಹಿ ವಾಸನೆ. ನೀಲವ್ವ ಆ ಬಲ್ಬಿನ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಳು, ವೀರಣ್ಣ ಮೈಮೇಲಿನ ಹೊಟ್ಟು ಕೊಡವುತ್ತ ಎದುರಿಗಿದ್ದ. ನಾನು ಬಾಗಿಲ ಈಚೆಗೇ ನಿಂತೆ.

"ಒಂದು ಮಾತು ಕೇಳೂದೈತಿ" ಎಂದಳು ನೀಲವ್ವ.

"ಕೇಳು."

"ಅಕ್ಕಾರು ನವಲ್ಯಾಗ ಇದ್ರಲ್ರಿ, ಅವಾಗ ಒಂದ ಸಲ ಬಸ್ಸಿನಾಗ ಹೋಗಾಕತ್ತಿದ್ವಿ. ಅವತ್ತ ಕೇಳಿದ್ದೆ. ನೀವು ಹೂಂ ಅಂದಿದ್ರಿ."

"ಏನ್ ಕೇಳಿದ್ದಿ?"

ಅವಳು ಕೈಬೆರಳು ಹಿಸುಕಿಕೊಂಡಳು. ಮುಖದ ಮೇಲೆ ಬೆಳಕು ಪೂರ್ತಿ ಬಿದ್ದಿತ್ತು, ಅಡಗಿಕೊಳ್ಳಲು ನೆರಳಿರಲಿಲ್ಲ.

"ನನ್ನ ಕಟ್ಟಿಕೊಂಡು ನಿಮಗ ಬ್ಯಾಸರ ಆಗೈತೇನು ಅಂತ ಕೇಳಿದ್ದೆ."

ವೀರಣ್ಣನ ಕಣ್ಣು ಅವಳ ತುಟಿಯಿಂದ ಕದಲಲಿಲ್ಲ. ಮಾತು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು.

"ಹೂಂ ಅಂದ್ನೇನು?"

"ಹೂಂ ಅಂದ್ರಿ. ಅಂದು ಕಿಡಕಿ ಮುಚ್ಚಿದ್ರಿ. ಆಮ್ಯಾಲೆ ಇಳಿಯೂ ತನಕ ಮಾತಾಡಲಿಲ್ಲ."

ಅವನು ನೆನಪಿನಲ್ಲಿ ಆ ಬಸ್ಸು ಹತ್ತಿ ಕೂತ ಹಾಗೆ ಕಂಡಿತು. ಆಮೇಲೆ ನಿಧಾನವಾಗಿ, "ಕಿಡಕಿ ಮುಚ್ಚರಿ ಅಂದಿ ಅನ್ಕೊಂಡಿದ್ದೆ ನಾ. ಧೂಳು ಬರ್ತಿತ್ತು. ನೀ ಕೆಮ್ಮಾಕತ್ತಿದ್ದಿ" ಎಂದ.

ನೀಲವ್ವ ಅವನನ್ನೇ ನೋಡಿದಳು. "ಕಿಡಕಿ?" ಅಂದಳು. ಮತ್ತೆ "ಕಿಡಕಿ?" ಅಂದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಳುವೋ ನಗುವೋ ನನಗೆ ತಿಳಿಯಲಿಲ್ಲ, ಮೈಯೆಲ್ಲ ಅಲುಗಾಡುವ ಹಾಗೆ ಬಗ್ಗಿದಳು. ವೀರಣ್ಣ ಎದ್ದು ಬಂದು, ಅವಳ ಮುಂದೆ ಮೊಣಕಾಲೂರಿ, ಸೆರಗು ಹಿಡಿದ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

"ಬಾಯಿ ಮುಚ್ಚಬ್ಯಾಡ. ಬಾಯಿ ಮುಚ್ಚಿದ್ರ ನನಗ ತಿಳಿಯಂಗಿಲ್ಲ. ಇನ್ನೊಮ್ಮೆ ಕೇಳು."

ಅವಳು ಕಣ್ಣೊರೆಸಿಕೊಂಡು, ಮುಖವನ್ನು ಬೆಳಕಿಗೆ ಎತ್ತಿ, ಇನ್ನೊಮ್ಮೆ ಕೇಳಿದಳು.

"ಇಲ್ಲ!" ಎಂದ ವೀರಣ್ಣ. "ಇಲ್ಲಬೇ! ಯಾವತ್ತೂ ಇಲ್ಲ!"

ಅವನ ದನಿಯ ಅಳತೆ ಅವನಿಗೆ ಗೊತ್ತಿಲ್ಲವಲ್ಲ. ನಾಲ್ಕೂ ಕಡೆಯ ತಗಡು ಝಲ್ಲೆಂದಿತು. ಪಕ್ಕದ ಮನೆಯ ಮಗ್ಗ ನಿಂತಿತು, ಗೋಡೆಯ ಮೇಲೆ ನೆರೆಮನೆಯಾಕೆಯ ತಲೆ ಕಾಣಿಸಿತು. "ಏನಾತ್ರೀ ಸಿಸ್ಟರ್? ಯಾಕ ಒದರ್ತಾರ?" ಎಂದು ಗಾಬರಿಯಿಂದ ಕೇಳಿದಳು.

"ಏನಿಲ್ಲವಾ" ಎಂದೆ. "ಗಂಡಹೆಂಡ್ತಿ ಮಾತಾಡಾಕತ್ತಾರ."

ಚಹಾ ಆರುತ್ತಿತ್ತು. ಆರಲಿ ಎಂದು ಬೇವಿನ ಕಟ್ಟೆಯ ಮೇಲೆ ಕೂತೆ.